ಚಪ್ಪರದ ಕೆಳಗೆ ಸೊಲೊಮೋನ

ಸಂಡೇ ಸ್ಕೂಲಿನಲ್ಲಿ ನಮಗೆ ಬೈಬಲಿನ ಅರಸ ಸೊಲೊಮೋನನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಒಂದು ಕೂಸಿಗಾಗಿ ಇಬ್ಬರು ಹೆಂಗಸರ ಜಗಳ, ಕತ್ತಿ ತರಿಸಿದ ಅರಸ, ‘ಮಗು ಅವಳಿಗೇ ಇರಲಿ’ ಎಂದು ಗೋಗರೆದ ಹೆತ್ತತಾಯಿ. ಅಲ್ಲಿಗೆ ಮಂಗಳ. ಒಂದನೇ ಅರಸುಗಳು ಗ್ರಂಥದ 11ನೇ ಅಧ್ಯಾಯವನ್ನು ನಾನು ಓದಿದ್ದು ಮೀಸೆ ಮೂಡಿದ ಮೇಲೆ. 700 ರಾಣಿಯರು, 300 ಉಪಪತ್ನಿಯರು! ಟೀಚರ್ ಏಕೆ ಮುಂದಕ್ಕೆ ಹೋಗಲಿಲ್ಲವೆಂದು ಆಗ ಅರ್ಥವಾಯಿತು.

ಆ ಅರಸ ಈಗ ಮತ್ತೆ ನೆನಪಾಗಲು ಯೆಹೂದ್ಯರ ಪರ್ಣಶಾಲೆಗಳ ಹಬ್ಬ ಕಾರಣ. ಫಸಲು ಮನೆ ಸೇರಿದ ಮೇಲೆ, ಏಳನೆಯ ತಿಂಗಳಲ್ಲಿ, ಏಳು ದಿನ ಗಟ್ಟಿ ಮನೆಯನ್ನು ಬಿಟ್ಟು ಚಪ್ಪರದಲ್ಲಿ ಇರಬೇಕೆಂಬುದು ಮೋಶೆಯ ನಿಯಮ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟ ಹಿರಿಯರು ಅಡವಿಯಲ್ಲಿ ಹಾಗೆ ಇದ್ದರೆಂಬುದರ ನೆನಪಿಗೆ. ಮೇಲೆ ಕಡಿದ ರೆಂಬೆಗಳ ಹೊದಿಕೆ, ಅದರ ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಯೆರೂಸಲೇಮಿನ ದೇವಾಲಯದ ಪ್ರತಿಷ್ಠೆಯನ್ನು ಸೊಲೊಮೋನ ಇದೇ ಹಬ್ಬದಲ್ಲಿ ಮಾಡಿದ. ಏಳು ವರ್ಷ ಕಟ್ಟಿದ ಆಲಯ. ಕಲ್ಲು ಕಾಣದಂತೆ ದೇವದಾರಿನ ಹಲಗೆ, ಅದರ ಮೇಲೆ ಚಿನ್ನ. ಅಂದು ಬಲಿಯಾದದ್ದು 22,000 ಎತ್ತು, 1,20,000 ಕುರಿ. ಅಷ್ಟೆಲ್ಲದರ ನಡುವೆ ನಿಂತು ಅವನು ಕೈಯೆತ್ತಿ ಕೇಳಿದ ಪ್ರಶ್ನೆ ಮಾತ್ರ ಚಪ್ಪರದವನ ಪ್ರಶ್ನೆ: ಆಕಾಶಗಳ ಆಕಾಶವೇ ನಿನಗೆ ಸಾಲದಿರುವಾಗ ನಾನು ಕಟ್ಟಿದ ಈ ಮನೆ ಎಷ್ಟರದು?

ಇಷ್ಟು ಬಲ್ಲವನು ಹೇಗೆ ಕೆಟ್ಟ?

ಅರಸನಾದವನು ಕುದುರೆಗಳನ್ನೂ ಹೆಂಡತಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದೆಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಅದನ್ನು ಸಂತೆಯ ಚೀಟಿ ಎಂದುಕೊಂಡನೋ ಏನೋ, ಸೊಲೊಮೋನ ಮೂರನ್ನೂ ತರಿಸಿದ. ತನ್ನ ಅರಮನೆಗೆ 13 ವರ್ಷ ಹಿಡಿಯಿತು. ಮುಪ್ಪಿನಲ್ಲಿ, ದೇವಾಲಯದೆದುರಿನ ಬೆಟ್ಟದ ಮೇಲೆಯೇ ನೆರೆನಾಡಿನ ಮೋವಾಬ್ಯರ ದೇವರಾದ ಕೆಮೋಷನಿಗೆ ಪೂಜಾಸ್ಥಳ ಎದ್ದಿತು. ಆದರೂ ಅವನ ಬುದ್ಧಿ ಮಂಕಾಯಿತೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ನನಗನ್ನಿಸುವಂತೆ ಕೆಟ್ಟದ್ದು ಕಿವಿ. ಪಟ್ಟಕ್ಕೆ ಬಂದ ಹೊಸದರಲ್ಲಿ ಗಿಬ್ಯೋನ್ ಎಂಬ ಊರಿನಲ್ಲಿ ಕಂಡ ಕನಸಿನಲ್ಲಿ, ಏನು ಬೇಕು ಕೇಳು ಎಂದು ದೇವರು ಅಂದಾಗ ಅವನು ಬೇಡಿದ್ದನ್ನು ನಾವು ವಿವೇಕ ಎನ್ನುತ್ತೇವೆ. ಹೀಬ್ರೂ ಮೂಲದಲ್ಲಿರುವುದು ‘ಕೇಳುವ ಹೃದಯ’, ಅಂದರೆ ಕಿವಿಗೊಡುವ ಹೃದಯ. ಆ ಇಬ್ಬರು ಹೆಂಗಸರ ವ್ಯಾಜ್ಯದಲ್ಲಿ ಬುದ್ಧಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಹೃದಯವೇ. ಮುಂದೆ ಅವನು 3,000 ಜ್ಞಾನೋಕ್ತಿಗಳನ್ನು ನುಡಿದ. ದೂರದ ಶೆಬದ ರಾಣಿ ಅವನ ಮಾತು ಕೇಳಲು ಬಂದಳು. ಎಲ್ಲರೂ ಅವನನ್ನೇ ಕೇಳುತ್ತಿದ್ದರೆ ಅವನು ಯಾರನ್ನು ಕೇಳಬೇಕು? ದೇವರು ಎರಡು ಸಲ ಕಾಣಿಸಿಕೊಂಡು ಹೇಳಿದ್ದೂ ಒಳಗಿಳಿಯಲಿಲ್ಲ.

ಪರ್ಣಶಾಲೆಗಳ ಹಬ್ಬದಲ್ಲಿ ಅನೇಕ ಸಭಾಮಂದಿರಗಳಲ್ಲಿ ಬೈಬಲಿನ ಪ್ರಸಂಗಿ ಗ್ರಂಥವನ್ನು ಓದುತ್ತಾರೆ. ಅದು ಸೊಲೊಮೋನನದೇ ಎಂಬುದು ಹಳೆಯ ನಂಬಿಕೆ. ಭಾಷೆ ಬಹಳ ಈಚಿನದು ಎನ್ನುತ್ತಾರೆ ಹಲವು ವಿದ್ವಾಂಸರು. ಇರಲಿ. ನಮ್ಮ ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ‘ವ್ಯರ್ಥ’ಕ್ಕೆ ಮೂಲದಲ್ಲಿರುವ ಮಾತು ‘ಹೆವೆಲ್’, ಅಂದರೆ ಉಸಿರು, ಹಬೆ. ಅಣ್ಣನ ಕೈಯಲ್ಲಿ ಸತ್ತ, ಆದಾಮನ ಮಗ ಹೇಬೆಲನ ಹೆಸರೂ ಅದೇ. ರೆಂಬೆಗಳ ಕೆಳಗೆ ಕುಳಿತವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಐದನೆಯ ಅಧ್ಯಾಯದ ಆರಂಭಕ್ಕೆ ಬಂದಾಗ ನಾನು ನಿಂತುಬಿಟ್ಟೆ. ದೇವರ ಮನೆಗೆ ಹೋಗುವಾಗ ಹೆಜ್ಜೆಯ ಮೇಲೆ ಗಮನವಿರಲಿ, ಮೂಢರು ಅರ್ಪಿಸುವ ಬಲಿಗಿಂತ ಹತ್ತಿರ ಹೋಗಿ ಕೇಳುವುದು ಲೇಸು ಎಂದಿದೆ ಅಲ್ಲಿ. ಗಿಬ್ಯೋನಿನಲ್ಲಿ ಬೇಡಿದ್ದೂ ಇದೇ ‘ಕೇಳುವ’ ಕ್ರಿಯಾಪದ. 22,000 ಎತ್ತುಗಳ ಒಡೆಯನ ಹೆಸರಿನಲ್ಲಿ ಈ ಮಾತು! ಮುಂದಿನ ವಚನ ಇನ್ನೂ ನೇರ: ದೇವರಿರುವುದು ಮೇಲೆ, ನೀನಿರುವುದು ನೆಲದ ಮೇಲೆ, ಮಾತು ಕಡಿಮೆಯಿರಲಿ.

ಕಳೆದ ಭಾನುವಾರದ ಆರಾಧನೆಯಲ್ಲಿ ಪ್ರಾರ್ಥನೆಯ ಸರದಿ ನನ್ನದಾಗಿತ್ತು. ಮುಂದಿನ ಬೆಂಚಿನ ಹಿರಿಯರೊಬ್ಬರು ಎರಡು ಸಲ ಕೆಮ್ಮಿದ್ದರು. ನೆಗಡಿ ಇರಬೇಕೆಂದು ನಾನು ಮುಂದುವರಿಸಿದ್ದೆ.