ಕುಡಿದರೆ ಎಲ್ಲಿಗೆ ಹೋಗಲಿ?

ಮಂಗಳವಾರ ರಾತ್ರಿ ಪಾಳಿ. ಪುರುಷರ ವಾರ್ಡಿನ ಹನ್ನೊಂದನೇ ಹಾಸಿಗೆಯ ಚಾರ್ಟ್ ನೋಡಿ ನನಗೆ ಸಿಟ್ಟು ಬಂತು. ಡೆಂಗಿ, ಐದನೇ ದಿನ. ಜ್ವರ ಇಳಿಯತೊಡಗಿತ್ತು, ಮನೆಯವರು ಸಮಾಧಾನಪಡುವ ಆ ಹೊತ್ತಿಗೇ ನಾವು ಹೆದರುವುದು. ರಕ್ತದ ದ್ರವ ನಾಳಗಳಿಂದ ಸೋರಿ ನಾಡಿ ಕುಸಿಯುವುದು ಆಗಲೇ. ಮಧ್ಯಾಹ್ನದಿಂದ ಬಾಯಿಗೆ ಹನಿ ನೀರು ಹೋಗಿಲ್ಲ. ಮೂತ್ರ ಒಂದೇ ಸಲ, 100 ಮಿ.ಲೀ. ಪಕ್ಕದ ಸ್ಟೀಲ್ ಚೊಂಬು ತುಂಬಿಯೇ ಇತ್ತು, ಓಆರ್‌ಎಸ್ ಪೊಟ್ಟಣವನ್ನು ಹರಿದೂ ಇರಲಿಲ್ಲ.

"ಏನಪ್ಪಾ, ನೀರು ಕುಡಿಯಬೇಕು ಎಂದು ಎಷ್ಟು ಸಲ ಹೇಳುವುದು?"

ಹೊದಿಕೆ ಸರಿಯಿತು. ಕೊರಳಲ್ಲಿ ಕೆಂಪು-ಬಿಳಿ ಮುತ್ತಿನ ಸರ, ಹಣೆಯಲ್ಲಿ ಅಳಿದುಳಿದ ಭಂಡಾರದ ಅರಿಶಿನ. ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡ ಜೋಗತಿ, ಗಂಡಾಗಿ ಹುಟ್ಟಿ ದೇವಿಯ ಸೇವೆಯಲ್ಲಿ ಹೆಣ್ಣಾಗಿ ಬಾಳುವವರು. ಆಧಾರ್ ಕಾರ್ಡಿನಲ್ಲಿ ಗಂಡಸಿನ ಹೆಸರಿತ್ತು, ಹಾಗಾಗಿ ಗಂಡಸರ ವಾರ್ಡು.

"ಕುಡಿದರೆ ಎಲ್ಲಿಗೆ ಹೋಗಲಿ, ಅಕ್ಕಾ?"

ಅಷ್ಟೇ ಕೇಳಿದರು. ಗೋಗರೆಯಲಿಲ್ಲ, ದೂರಲಿಲ್ಲ. ನಾನು 'ಅಪ್ಪಾ' ಎಂದದ್ದಕ್ಕೆ ಅವರು 'ಅಕ್ಕಾ' ಎಂದರು. ಆ ಎರಡು ಮಾತು ಇವತ್ತಿಗೂ ಕಿವಿಯಲ್ಲಿ ಒಂದರ ಹಿಂದೆ ಒಂದು ಬರುತ್ತಿವೆ.

ಆ ವಾರ್ಡಿನ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಮಧ್ಯಾಹ್ನ ಅವರು ಹೋದಾಗ ಇಬ್ಬರು ರೋಗಿಗಳ ಕಡೆಯವರು ಹೊರಗೆ ನಿಂತು ನಕ್ಕರಂತೆ. ಆಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಕ್ಕವರ ಮನೆಯಲ್ಲೂ ಮಂಗಳವಾರ, ಶುಕ್ರವಾರ ಜೋಗಮ್ಮ ಬಂದರೆ ಆಕೆ ಹೊತ್ತು ತರುವ ಪಡ್ಡಲಗಿ ಬುಟ್ಟಿಗೆ ಜೋಳ ನೀಡಿ ಕೈಮುಗಿಯುತ್ತಾರೆ. ದೇವರು ಹೊತ್ತವರಿಗೆ ಹೊಟ್ಟೆ, ಮೂತ್ರಕೋಶ ಇರುವುದು ಮಾತ್ರ ಅವರಿಗೆ ನಗೆಯಾಗುತ್ತದೆ. ನನಗೆ ಇದು ಕ್ಷಮಿಸುವ ಮಾತಲ್ಲ.

ಸಿಬ್ಬಂದಿಯ ಶೌಚಾಲಯದ ಕೀಲಿ ಕೊಡೋಣವೆಂದರೆ ಜೊತೆಯ ಸಿಸ್ಟರ್ ನಿಯಮ ಕೇಳಿದರು. ಕೆಟ್ಟವರಲ್ಲ, ಹೆದರುವವರು. ಡ್ಯೂಟಿ ಡಾಕ್ಟರ್ "ಐಸೊಲೇಷನ್ ಕೋಣೆಗೆ ಹಾಕಿ" ಎಂದರು. ಅಂಟುರೋಗದವರನ್ನು ಇಡುವ ಕೋಣೆಗೆ! ಮನುಷ್ಯರಿಂದ ಮನುಷ್ಯರಿಗೆ ಮುಟ್ಟಿದರೆ ಡೆಂಗಿ ಬರುವುದಿಲ್ಲ ಎಂದು ಅವರಿಗೆ ನಾನು ಹೇಳಬೇಕೇ? ಕೊನೆಗೆ ಕೀಲಿ ಹಿಡಿದು, ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಅವರ ಜೊತೆ ನಡೆದವರು ನಮ್ಮ ಆಯಾ. ಯಾರನ್ನೂ ಕೇಳಲಿಲ್ಲ. "ಬನ್ನಿ ಅವ್ವಾ, ನಾನು ಬಾಗಿಲಲ್ಲಿ ನಿಲ್ಲುತ್ತೇನೆ" ಎಂದರು.

ಲಿಂಗತ್ವ ಅಲ್ಪಸಂಖ್ಯಾತರ ಕುರಿತು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ ಆಸ್ಪತ್ರೆಯ ಚಿಕಿತ್ಸೆ ಮತ್ತು ಶೌಚಾಲಯ ಎರಡೂ ಒಂದೇ ನಿರ್ದೇಶನದಲ್ಲಿವೆ. ಯಾಕೆ ಒಟ್ಟಿಗಿವೆ ಎಂಬುದು ನನಗೆ ಆ ತುಂಬಿದ ಚೊಂಬು ನೋಡಿದ ಮೇಲೆ ತಿಳಿಯಿತು. 2019ರ ಕಾಯ್ದೆಯೂ ಇವರ ಆರೋಗ್ಯಕ್ಕಾಗಿ ವೈದ್ಯಕೀಯ ಪಠ್ಯವನ್ನು ಪರಿಶೀಲಿಸಬೇಕೆನ್ನುತ್ತದೆ. ನಾನು ಓದಿದ ನರ್ಸಿಂಗ್ ಪುಸ್ತಕದಲ್ಲಿ ಮೂತ್ರದ ಪ್ರಮಾಣ ಅಳೆಯುವ ಪಾಠವಿತ್ತು. ಬಾಗಿಲಾಚೆ ಯಾರು ನಿಂತಿದ್ದಾರೆ ಎಂದು ನೋಡುವ ಪಾಠವಿರಲಿಲ್ಲ.

ಬೆಳಿಗ್ಗೆ ಎಲ್ಲಿರಲು ಇಷ್ಟ ಎಂದು ಅವರನ್ನೇ ಕೇಳಿದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಮಹಿಳಾ ವಾರ್ಡಿನ ಮೂಲೆಯ ಹಾಸಿಗೆ ಸಾಕು ಎಂದರು. ಅಲ್ಲಿ ಒಬ್ಬಾಕೆ ಮುಖ ತಿರುಗಿಸಿದರು, ಪಕ್ಕದ ಹಾಸಿಗೆಯ ಅಜ್ಜಿ ಎಳನೀರು ಕೊಟ್ಟರು. ನಾನು ಚಾರ್ಟಿನ ಮೇಲೆ ಅವರು ಹೇಳಿದ ಹೆಸರನ್ನು ದೊಡ್ಡದಾಗಿ ಬರೆದೆ. ಆರು ಗಂಟೆಗೆ ಚೊಂಬು ಖಾಲಿಯಾಗಿತ್ತು.

ನಿನ್ನೆ ಬೇರೊಬ್ಬ ಮುದುಕಿ ನೀರು ಮುಟ್ಟಿರಲಿಲ್ಲ. ಬೈಯುವ ಮೊದಲು, ಬಚ್ಚಲಿಗೆ ಹೋಗಲು ಏನು ಕಷ್ಟ ಎಂದು ಕೇಳಿದೆ. "ಅಲ್ಲಿ ದೀಪ ಇಲ್ಲ ಮಗಳೇ" ಎಂದರು. ಹೋಗಿ ನೋಡಿದೆ. ಇರಲಿಲ್ಲ.