ಬಳ್ಳಾರಿಯ ರೂಮ್ ಟೆಂಪರೇಚರ್

ಬಳ್ಳಾರಿಯ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್ ಕೆಲಸ ನನ್ನದು, ಅಂದರೆ ಆರ್ಡರ್ ತಗೊಂಡು ಸಪ್ಲೈಯರ್ ಹುಡುಗರನ್ನು ನೋಡಿಕೊಳ್ಳೋದು. ನಮ್ಮಲ್ಲಿ ಟೇಬಲ್ ಮೇಲೆ ಬಿಯರ್, ವಿಸ್ಕಿಯದ್ದೇ ದರ್ಬಾರು. ವಾರಕ್ಕೆ ಮೂರ್ನಾಲ್ಕು ಬಾಟಲಿ ರೆಡ್ ವೈನ್ ಹೋದರೆ ಅದೇ ದೊಡ್ಡದು. ಹಾಗಾಗಿ ವೈನ್ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿದ್ದದ್ದು ಎರಡೇ ಮಾತು. ಮಾಂಸಕ್ಕೆ ರೆಡ್, ಮೀನಿಗೆ ವೈಟ್. ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದು, ರೂಮ್ ಟೆಂಪರೇಚರ್‌ನಲ್ಲೇ ಕೊಡಬೇಕು. ಎಲ್ಲೋ ಓದಿದ್ದನ್ನು ಹೊಸ ಹುಡುಗರಿಗೂ ಜೋರಾಗಿ ಪಾಠ ಮಾಡುತ್ತಿದ್ದೆ.

ಒಂದು ಮೇ ತಿಂಗಳ ರಾತ್ರಿ ಗಂಡ ಹೆಂಡತಿ ಇಬ್ಬರು ಊಟಕ್ಕೆ ಬಂದರು. ಮದುವೆಯ ವಾರ್ಷಿಕೋತ್ಸವವಂತೆ. ಗುಂಟೂರು ಚಿಕನ್, ಪೆಪ್ಪರ್ ಮಟನ್ ಹೇಳಿ, “ಇದಕ್ಕೊಂದು ಒಳ್ಳೆ ರೆಡ್ ವೈನ್ ನೀನೇ ಹೇಳಪ್ಪ” ಅಂದರು. ನಾನು ಕಾರ್ಡಿನಲ್ಲಿ ರೇಟು ಜಾಸ್ತಿ ಇದ್ದ ಕ್ಯಾಬರ್ನೆ ಸೊವಿನ್ಯೋನ್ ಅನ್ನೋ ರೆಡ್ ವೈನ್ ಮೇಲೆ ಬೆರಳಿಟ್ಟೆ. ಬೆಲೆ ಜಾಸ್ತಿ ಅಂದ್ರೆ ಒಳ್ಳೇದು, ಅಲ್ವಾ? ಬಾಟಲಿ ಇದ್ದದ್ದು ಬಾರ್ ಕೌಂಟರ್ ಹಿಂದಿನ ಶೆಲ್ಫ್‌ನಲ್ಲಿ. ಆ ಗೋಡೆಯ ಆಚೆ ತಂದೂರಿ ಒಲೆ. ಎಸಿ ಇದ್ದದ್ದು ಹಾಲ್‌ಗೆ ಮಾತ್ರ.

ಒಂದು ಗುಟುಕು ಕುಡಿದವರೇ ಗ್ಲಾಸ್ ಕೆಳಗಿಟ್ಟರು. “ಏನಪ್ಪಾ, ಸಾರು ಕಾಸಿ ತಂದಂಗೈತಲ್ಲ!”

ಅಮ್ಮನವರು ಚಿಕನ್ ತುಂಡೊಂದು ತಿಂದು, ಮೇಲೆ ವೈನ್ ಕುಡಿದು, ಮುಖ ಕಿವುಚಿ ನೀರಿಗೆ ಕೈ ಹಾಕಿದರು. “ಇದನ್ನ ಕುಡಿದ್ರ ಖಾರ ಇನ್ನೂ ಏರ್ತೈತಿ.” ಕೊನೆಗೆ ಇಬ್ಬರೂ ಮಜ್ಜಿಗೆ ತರಿಸಿಕೊಂಡರು. ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಬಿಲ್ ಮಾತ್ರ ಪೂರ್ತಿ ಕೊಟ್ಟು ಹೋದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಮರುದಿನ ಮಧ್ಯಾಹ್ನ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದು ಬಂದಿದ್ದ ನಮ್ಮ ಬಾರಿನ ಅಣ್ಣ ಅದೇ ಬಾಟಲಿ ಹಿಡಿದು ಕರೆದರು. “ರೂಮ್ ಟೆಂಪರೇಚರ್ ಅಂತೀಯಲ್ಲ, ಯಾರ ರೂಮಿಂದು ಅದು?” ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. ರೆಡ್ ವೈನ್ ಕುಡಿಯಲು 15ರಿಂದ 18 ಡಿಗ್ರಿ ಸಾಕು. ನಮ್ಮಲ್ಲಿ ಮೇ ತಿಂಗಳಲ್ಲಿ ಹಗಲು 40 ದಾಟುತ್ತದೆ, ರಾತ್ರಿ ಊಟದ ಹೊತ್ತಿಗೂ ಗೋಡೆ ಬೆಚ್ಚಗೇ ಇರುತ್ತದೆ. ಅಷ್ಟು ಬಿಸಿಯಾದ ವೈನಿನಲ್ಲಿ ಮೊದಲು ಮೂಗಿಗೆ ಹೊಡೆಯೋದು ಸ್ಪಿರಿಟ್. ಹಣ್ಣಿನ ಘಮ ಅದರಡಿ ಮುಚ್ಚಿಹೋಗುತ್ತದೆ.

ಆಮೇಲೆ ಅಣ್ಣ ಎರಡು ಗ್ಲಾಸ್ ಇಟ್ಟರು. ಒಂದರಲ್ಲಿ ಹಾಗೇ ಸುರಿದ ವೈನ್. ಬಾಟಲಿಯನ್ನು ಐಸ್ ಮತ್ತು ನೀರು ತುಂಬಿದ ಬಕೆಟ್‌ನಲ್ಲಿ ಕಾಲು ಗಂಟೆ ಇಟ್ಟು, ಅದರಿಂದ ಇನ್ನೊಂದಕ್ಕೆ. ಬರೀ ಐಸ್ ಹಾಕಿದರೆ ತಣ್ಣಗಾಗೋದು ನಿಧಾನ, ನೀರಿದ್ದರೆ ಬಾಟಲಿಯ ಸುತ್ತ ತಂಪು ಅಂಟುತ್ತದೆ. ಒಂದೇ ಬಾಟಲಿಯ ವೈನ್ ಅಂತ ನಂಬೋಕೆ ಆಗಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಹೊರಗಿನಿಂದ ಮಿರ್ಚಿ ಬಜ್ಜಿ ತರಿಸಿದರು. ಒಂದು ಕಚ್ಚಿ ತಣ್ಣಗಿನ ವೈನ್ ಕುಡಿದೆ. ನಾಲಿಗೆ ಉರಿದೇ ಹೋಯಿತು, ಹಿಂದೆಯೇ ಬಾಯೆಲ್ಲ ಒಗರು. ಅಡಿಕೆ ಜಗಿದಾಗ ಬಾಯಿ ಬಿಗಿಯುತ್ತದಲ್ಲ, ಹಾಗೆ. ಅದೇ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಬೀಜದಿಂದ ಬರುವಂಥದ್ದು. ಖಾರದ ಜೊತೆ ಟ್ಯಾನಿನ್ನೂ ಆಲ್ಕೋಹಾಲೂ ಸೇರಿದರೆ ಬಾಯಿ ಉರಿ ಇನ್ನೂ ಏರುತ್ತದೆ. ಬಾಯಿ ತೊಳೆದು, ಕೊಬ್ಬಿರುವ ಮಟನ್ ಚಾಪ್ಸ್ ತಿಂದು ಮತ್ತೆ ಕುಡಿದೆ. ಒಗರು ಎಲ್ಲಿ ಹೋಯಿತೋ! ಮಾಂಸದ ಪ್ರೋಟೀನು, ಕೊಬ್ಬು ಟ್ಯಾನಿನ್ನನ್ನು ಮೆತ್ತಗೆ ಮಾಡುತ್ತವಂತೆ. ಅಂದರೆ ಮಾಂಸಕ್ಕೆ ರೆಡ್ ಅನ್ನೋ ಮಾತು ಸುಳ್ಳಲ್ಲ, ಆದರೆ ಅದು ಮಸಾಲೆಯ ಲೆಕ್ಕ ಹಿಡಿಯದ ಮಾತು.

ಈಗ ಗೆಸ್ಟ್ ವೈನ್ ಕೇಳಿದರೆ ಮೊದಲು ಊಟಕ್ಕೆ ಏನು ಅಂತ ಕೇಳುತ್ತೇನೆ. ಆಮೇಲೆ ಅಡುಗೆಮನೆಗೆ ಹೋಗಿ ಮಾಸ್ಟರ್‌ನ ಕೇಳುತ್ತೇನೆ, ಇವತ್ತು ಬ್ಯಾಡಗಿಯೋ ಗುಂಟೂರೋ ಅಂತ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ, ರೆಡ್ ವೈನ್ ತಡೆದುಕೊಳ್ಳುತ್ತದೆ. ಗುಂಟೂರು ಆದರೆ ನಾನೇ ಒಗರು ಜಾಸ್ತಿ ಇರುವ ಕ್ಯಾಬರ್ನೆ ಬೇಡ ಅನ್ನುತ್ತೇನೆ. ಒಗರು ಕಡಿಮೆ, ಸ್ವಲ್ಪ ಸಿಹಿ ಇರುವ ರೆಡ್ ಹೇಳುತ್ತೇನೆ, ಇಲ್ಲದಿದ್ದರೆ ಬಿಯರ್. ಮ್ಯಾನೇಜರ್‌ಗೆ ಇದು ಹಿಡಿಸಲ್ಲ, ಬಾಟಲಿ ಬೆಲೆ ಎಲ್ಲಿ, ಬಿಯರ್ ಬೆಲೆ ಎಲ್ಲಿ. ಶೇಂಗಾ, ಎಳ್ಳು ಹಾಕಿದ ಬದನೆಕಾಯಿ ಎಣ್ಣೆಗಾಯಿಗೆ ತಂಪಾದ ರೆಡ್ ಚೆನ್ನಾಗಿ ಹೊಂದುತ್ತದೆ ಅನ್ನೋದು ನಾನೇ ಕಂಡುಕೊಂಡದ್ದು. ಜೋಳದ ರೊಟ್ಟಿ ಜೊತೆ ವೈನಾ ಅಂತ ನಕ್ಕವರೂ ಎರಡನೇ ಗ್ಲಾಸ್ ಕೇಳಿದ್ದಾರೆ.

ರೆಡ್ ವೈನ್ ಈಗ ಇರೋದು ಅಡುಗೆಮನೆಯ ಫ್ರಿಜ್‌ನಲ್ಲಿ, ಮೊಸರಿನ ಡಬ್ಬಿ ಪಕ್ಕ. ಕೊಡುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯುತ್ತೇವೆ. ಸ್ವಲ್ಪ ಜಾಸ್ತಿ ತಣ್ಣಗಿದ್ದರೂ ಚಿಂತೆಯಿಲ್ಲ, ಗ್ಲಾಸಿಗೆ ಬಿದ್ದ ಮೇಲೆ ಬಳ್ಳಾರಿ ತನ್ನ ಕೆಲಸ ತಾನು ಮಾಡುತ್ತದೆ. ಮಾಸ್ಟರ್ ಮಾತ್ರ ಫ್ರಿಜ್ ಬಾಗಿಲು ತೆಗೆದಾಗಲೆಲ್ಲ ಇವತ್ತಿಗೂ ಗೊಣಗುತ್ತಾರೆ: “ನಿನ್ನ ಬಾಟಲಿ ಸಲುವಾಗಿ ನನ್ನ ಮೊಸರಿಗೆ ಜಾಗ ಇಲ್ಲದಂಗಾಗೈತಿ.”