ನಾಯ್ಸ್ ಶೀಟಿನ ಕೊನೆಯ ಸಾಲು: 2.7 ಕೆಲ್ವಿನ್

ಉಪಗ್ರಹದಿಂದ ಟಿವಿ ಸಿಗ್ನಲ್ ಇಳಿಸಿಕೊಳ್ಳುವ ಅರ್ಥ್ ಸ್ಟೇಷನ್ನಿನಲ್ಲಿ ನನ್ನ ಕೆಲಸ. ಹೊಸ ಡಿಶ್ ನಿಲ್ಲಿಸಿದಾಗಲೆಲ್ಲ ಒಂದು ಎಕ್ಸೆಲ್ ಶೀಟ್ ತುಂಬಬೇಕು. ನಾಯ್ಸ್, ಅಂದರೆ ಸಿಗ್ನಲ್ ಜೊತೆ ಬೆರೆಯುವ ಬೇಡದ ಗದ್ದಲ, ಎಲ್ಲೆಲ್ಲಿಂದ ಎಷ್ಟೆಷ್ಟು ಸೇರುತ್ತಿದೆ ಅನ್ನುವ ಲೆಕ್ಕ ಅದು; ಬಿಸಿ ಇದ್ದದ್ದೆಲ್ಲ ಇಂಥ ಗದ್ದಲ ಸೂಸುವುದರಿಂದ ತಾಪಮಾನದ ಅಳತೆಯಾದ ಕೆಲ್ವಿನ್‌ನಲ್ಲಿ. ಎಲ್‌ಎನ್‌ಬಿಯದು (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) 30ರ ಆಸುಪಾಸು, ಡಿಶ್ಶಿನ ಅಂಚು ದಾಟಿ ಫೀಡ್‌ಗೆ (ಸಿಗ್ನಲ್ ಹಿಡಿಯುವ ಬಾಯಿ) ಬೀಳುವ ನೆಲದ ಬಿಸಿ ಇಷ್ಟು, ವಾತಾವರಣದ್ದು ಇಷ್ಟು, ಸಿಗ್ನಲ್ ಸಾಗುವ ಲೋಹದ ಕೊಳವೆಯಾದ ವೇವ್‌ಗೈಡ್ ನಷ್ಟದ್ದು ಇಷ್ಟು. ಕೊನೆಯ ಸಾಲು ಆಕಾಶದ ಹಿನ್ನೆಲೆ, 2.7. ಡಿಶ್ ಬದಲಾದರೂ ಊರು ಬದಲಾದರೂ ಆ ಸಾಲನ್ನು ಯಾರೂ ಮುಟ್ಟುವುದಿಲ್ಲ. ಟ್ರೇನಿಗಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ, "ಸರ್, ಇದು ಯಾವುದರದ್ದು?" ಅಂತ. "ವಿಶ್ವ ಹುಟ್ಟಿದಾಗಿನ ಬಿಸಿ ಕಣಪ್ಪಾ, ಆರಿ ಆರಿ ಇಷ್ಟು ಉಳಿದಿದೆ" ಅಂದರೆ ತಮಾಷೆ ಅಂದುಕೊಳ್ಳುತ್ತಾರೆ.

ಆ ಬಿಸಿಯನ್ನು ಮೊದಲು ಹಿಡಿದದ್ದು ನಮ್ಮಂಥದೇ ಒಂದು ಆಂಟೆನಾ. ಅಮೆರಿಕದ ನ್ಯೂಜೆರ್ಸಿಯ ಹೋಲ್ಮ್‌ಡೆಲ್‌ನಲ್ಲಿ ಬೆಲ್ ಲ್ಯಾಬ್ಸ್‌ನವರು ಎಕೋ ಎಂಬ ಬಲೂನ್ ಉಪಗ್ರಹಕ್ಕಾಗಿ ಕಟ್ಟಿದ್ದ ಹಾರ್ನ್ ಆಂಟೆನಾ ಅದು. ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ 1964ರಲ್ಲಿ ಅದರಲ್ಲಿ ಅಳೆದದ್ದು 4080 ಮೆಗಾಹರ್ಟ್ಸ್‌ನಲ್ಲಿ. ನಮ್ಮ ಸಿ-ಬ್ಯಾಂಡ್ ಡೌನ್‌ಲಿಂಕ್ ಇರುವುದು 3.7ರಿಂದ 4.2 ಗಿಗಾಹರ್ಟ್ಸ್‌ವರೆಗೆ; ಅಂದರೆ ಅವರ ಅಳತೆ ಈಗ ಟಿವಿ ಚಾನೆಲ್‌ಗಳು ಇಳಿಯುವ ಪಟ್ಟಿಯ ಒಳಗೇ ಬರುತ್ತದೆ.

ಅವರ ಶೀಟನ್ನು ನಾನು ಟ್ರೇನಿಗಳಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಆಂಟೆನಾ ನೆತ್ತಿಯತ್ತ ನೋಡುವಾಗ ಒಟ್ಟು 6.7. ವಾತಾವರಣದ್ದು 2.3. ಲೋಹದ ನಷ್ಟ ಮತ್ತು ಹಿಂಬದಿಯಿಂದ ನುಸುಳುವುದು ಸೇರಿ 0.9. ಕಳೆದರೆ 3.5 ಮಿಕ್ಕಿತು. ಅದಕ್ಕೆ ವಾರಸುದಾರರಿಲ್ಲ. ಜೋಡಣೆಗಳ ಮೇಲೆ ಅಲ್ಯೂಮಿನಿಯಂ ಟೇಪ್ ಅಂಟಿಸಿದರು, ನ್ಯೂಯಾರ್ಕ್ ಕಡೆಗೆ ತಿರುಗಿಸಿ ನೋಡಿದರು, ಋತು ಬದಲಾಗುವವರೆಗೂ ಕಾದರು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಹಾರ್ನ್ ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹಿಕ್ಕೆ ಕೆರೆದು ತೆಗೆದದ್ದರಿಂದ ಹೆಚ್ಚೇನೂ ಇಳಿಯಲಿಲ್ಲ, ಕಥೆ ಮಾತ್ರ ಉಳಿಯಿತು.

ನಾನು ಹೊಸಬರಿಗೆ ಒತ್ತಿ ಹೇಳುವುದು ಬೇರೆಯದನ್ನು. ಅದೇ ಜಾಗದಲ್ಲಿ ಎಡ್ವರ್ಡ್ ಓಮ್ ಎಂಬ ಎಂಜಿನಿಯರ್ 1961ರಲ್ಲೇ ಲೆಕ್ಕಕ್ಕಿಂತ ಸುಮಾರು 3 ಕೆಲ್ವಿನ್ ಹೆಚ್ಚು ಕಂಡಿದ್ದರು, ಅಚ್ಚೂ ಮಾಡಿಸಿದ್ದರು. ಆದರೆ ಅವರ ಲೆಕ್ಕದಲ್ಲಿ ತಪ್ಪಿಗೆ ಬಿಟ್ಟ ಅಂತರ, ಅಂದರೆ ಟಾಲರೆನ್ಸೇ, ಹೆಚ್ಚುಕಮ್ಮಿ ಅಷ್ಟಿತ್ತು. ವ್ಯತ್ಯಾಸ ಅದರೊಳಗೆ ಮುಚ್ಚಿಹೋಯಿತು. ಓಮ್ ಮಾಡಿದ್ದು ತಪ್ಪಲ್ಲ. ಅವರ ಹತ್ತಿರ ಇದ್ದ ಸಲಕರಣೆಯಲ್ಲಿ ಅಷ್ಟೇ ಹೇಳಬಹುದಿತ್ತು. ಪೆಂಜಿಯಾಸ್ ದ್ರವ ಹೀಲಿಯಂನಲ್ಲಿ ತಣಿಸಿದ ಕೋಲ್ಡ್ ಲೋಡ್ ಒಂದನ್ನು ಕಟ್ಟಿ, ರಿಸೀವರನ್ನು ಒಮ್ಮೆ ಆಕಾಶಕ್ಕೆ, ಒಮ್ಮೆ ಅದಕ್ಕೆ ಹಾಕಿ ಹೋಲಿಸಿದರು. ಬಿಡಿಬಿಡಿ ಅಂದಾಜುಗಳನ್ನು ಕೂಡಿಸುತ್ತ ಕೂರುವ ಬದಲು, ಎಷ್ಟು ತಣ್ಣಗಿದೆ ಎಂದು ಗೊತ್ತಿರುವ ವಸ್ತುವಿನ ಜೊತೆ ನೇರ ಹೋಲಿಕೆ. ನಮ್ಮಲ್ಲಿ ಹೀಲಿಯಂ ಎಲ್ಲಿಂದ ಬರಬೇಕು? ಫೀಡ್ ಮುಂದೆ ಅಬ್ಸಾರ್ಬರ್ (ರೇಡಿಯೋ ಅಲೆ ಹೀರುವ ಹಲಗೆ) ಹಿಡಿದು ಒಂದು ರೀಡಿಂಗ್, ತೆಗೆದು ಖಾಲಿ ಆಕಾಶಕ್ಕೆ ಒಂದು ರೀಡಿಂಗ್, ಎರಡರ ಅನುಪಾತ. ವೈ-ಫ್ಯಾಕ್ಟರ್ ಅನ್ನುತ್ತೇವೆ. ಇದನ್ನು ಮಾಡದೆ "ಟಾಲರೆನ್ಸ್ ಒಳಗಿದೆ ಸರ್" ಅಂತ ಶೀಟ್ ತಂದರೆ ನಾನು ಸಹಿ ಹಾಕುವುದಿಲ್ಲ.

ಆ 3.5ರ ಅರ್ಥ ಹೇಳಿದ್ದು ಪಕ್ಕದ ಪ್ರಿನ್ಸ್‌ಟನ್‌ನಲ್ಲಿದ್ದ ರಾಬರ್ಟ್ ಡಿಕಿ ಮತ್ತು ಅವರ ಗುಂಪು. ಅವರು ಇದನ್ನೇ ಹುಡುಕಲು ಆಂಟೆನಾ ಕಟ್ಟುತ್ತಿದ್ದರು! 1948ರಲ್ಲೇ ಆಲ್ಫರ್, ಹರ್ಮನ್ ಇಬ್ಬರೂ ಸುಮಾರು 5 ಕೆಲ್ವಿನ್ ಎಂದು ಬರೆದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಎರಡು ಲೇಖನಗಳು 1965ರಲ್ಲಿ ಒಟ್ಟಿಗೆ ಬಂದವು. ಬೆಲ್ ಲ್ಯಾಬ್ಸ್‌ನವರದ್ದು ಪುಟ್ಟ ಲೇಖನ. ಅಳತೆಯನ್ನಷ್ಟೇ ಕೊಟ್ಟು, ಸಾಧ್ಯವಿರುವ ವಿವರಣೆಗೆ ಪಕ್ಕದ ಲೇಖನ ನೋಡಿ ಅಂದುಬಿಟ್ಟರು. ವಿಲ್ಸನ್‌ಗೆ ಆಗ, ವಿಶ್ವ ಯಾವತ್ತೂ ಹೀಗೇ ಇತ್ತು ಎನ್ನುವ ಸಿದ್ಧಾಂತದ ಮೇಲೇ ಒಲವು. ಅಳತೆ ಬೇರೆ, ಅಭಿಪ್ರಾಯ ಬೇರೆ ಎಂದು ಇಟ್ಟಿದ್ದರಿಂದ ಅದು ಅಡ್ಡ ಬರಲಿಲ್ಲ. 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ವಿವರಣೆ ಇಷ್ಟು. 1380 ಕೋಟಿ ವರ್ಷದ ಹಿಂದೆ ವಿಶ್ವ ವಿಪರೀತ ಬಿಸಿಯಾಗಿ, ದಟ್ಟವಾಗಿ ಇತ್ತು. ಎಲ್ಲೋ ಒಂದು ಮೂಲೆಯಲ್ಲಿ ಸಿಡಿದದ್ದಲ್ಲ, ಎಲ್ಲ ಕಡೆಯೂ ಹಾಗೇ ಇತ್ತು. ಅದಕ್ಕೇ ಡಿಶ್ ಎತ್ತ ತಿರುಗಿಸಿದರೂ ಆ ಸಾಲು ಬದಲಾಗುವುದಿಲ್ಲ. ಬಿಡಿ ಎಲೆಕ್ಟ್ರಾನ್‌ಗಳು ಬೆಳಕನ್ನು ಚದುರಿಸುತ್ತ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಸುಮಾರು 3,80,000 ವರ್ಷ ಕಳೆದಾಗ ಬಿಸಿ 3000 ಕೆಲ್ವಿನ್ನಿಗೆ ಇಳಿದು, ಎಲೆಕ್ಟ್ರಾನ್‌ಗಳು ಪರಮಾಣುಗಳಲ್ಲಿ ಸೇರಿಕೊಂಡವು, ಬೆಳಕಿಗೆ ದಾರಿ ಸಿಕ್ಕಿತು. ಅಲ್ಲಿಂದ ಇಲ್ಲಿಗೆ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ, ಆ ಬೆಳಕಿನ ಅಲೆಯೂ ಅಷ್ಟೇ ಹಿಗ್ಗಿ ಮೈಕ್ರೋವೇವ್ ಆಗಿದೆ. 3000ವನ್ನು 1100ರಿಂದ ಭಾಗಿಸಿ ನೋಡಿ, ಶೀಟಿನ ಸಂಖ್ಯೆಯೇ ಬರುತ್ತದೆ. 1989ರಲ್ಲಿ ಹಾರಿದ ಕೋಬೆ ಉಪಗ್ರಹ ಅದನ್ನು ಕರಾರುವಾಕ್ಕಾಗಿ ಅಳೆಯಿತು: 2.725.

ಇಷ್ಟು ಕೇಳಿದ ಮೇಲೆ ಕೆಲವು ಹುಡುಗರಿಗೆ ಮಿಕ್ಕ ಪ್ರತಿ ಅರ್ಧ ಕೆಲ್ವಿನ್ನಿನಲ್ಲೂ ನೊಬೆಲ್ ಕಾಣತೊಡಗುತ್ತದೆ. ಅವರಿಗೆ ಶರಾವತಿಯ ಕಥೆ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟಿದ್ದ ಎಡ್ಜಸ್ ಎಂಬ ಉಪಕರಣ, 78 ಮೆಗಾಹರ್ಟ್ಸ್ ಬಳಿ ಆಕಾಶದ ಗದ್ದಲದಲ್ಲಿ ಅರ್ಧ ಕೆಲ್ವಿನ್ನಿನಷ್ಟು ಕುಸಿತ ಕಂಡಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಗುರುತು ಎಂದು ಅದನ್ನು ಓದಿದರು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರಿಗೆ ನೆಲದ ಮೇಲೇ ಅನುಮಾನ. ಆಂಟೆನಾ ಕೆಳಗಿನ ಮಣ್ಣು, ಕಲ್ಲು ಪದರಪದರವಾಗಿರುತ್ತವೆ, ಪ್ರತಿ ಪದರವೂ ಒಂದಿಷ್ಟು ಪ್ರತಿಫಲಿಸಿ ಅಳತೆ ಕೆಡಿಸುತ್ತದೆ. ನೀರಾದರೆ ಒಂದೇ ಸಮ. ಅವರು ಸಾರಸ್ ಎಂಬ ಆಂಟೆನಾವನ್ನು ತೆಪ್ಪದ ಮೇಲಿಟ್ಟು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಕುಸಿತ ಅಲ್ಲಿಲ್ಲ.